‘ಕುದಿಸಿದ್ರೆ ಎಲ್ಲಾ ಹೋಗುತ್ತೆ’ ಅನ್ನೋ ಅರ್ಧ ಸತ್ಯ

ಬಿಯರ್ ಹಾಕಿ ಮಾಡಿದ ಅಡುಗೆ ಬಗ್ಗೆ ಯಾರಾದರೂ ಅನುಮಾನದಿಂದ ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಅಯ್ಯೋ, ಕುದಿಸಿದ್ಮೇಲೆ ಆಲ್ಕೋಹಾಲ್ ಎಲ್ಲಾ ಹೋಗುತ್ತೆ ಬಿಡಿ." ಅಡುಗೆ ವಿಡಿಯೋಗಳಲ್ಲೂ ಇದೇ ಮಾತು, ಊಟದ ಟೇಬಲ್ ಮೇಲೂ ಇದೇ ಮಾತು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇನ್ನೊಬ್ಬರ ತಟ್ಟೆಗೆ ಬಡಿಸುವಾಗ ಅರ್ಧ ಸತ್ಯ ಸಾಕಾಗಲ್ಲ ಅನ್ನೋದು ನಮ್ಮ ವಾದ.

ಉದಾಹರಣೆಗೆ ಬೆಲ್ಜಿಯಂನ ಒಂದು ಅಡುಗೆ ತಗೊಳ್ಳೋಣ. ಡಚ್ ಮಾತಾಡುವ ಫ್ಲಾಂಡರ್ಸ್‌ನಲ್ಲಿ ಇದನ್ನ ಸ್ಟೋಫ್‌ಫ್ಲೇಸ್ ಅಂತಾರೆ, ಫ್ರೆಂಚ್ ಮಾತಾಡುವವರು ಕಾರ್ಬೊನಾಡ್ ಫ್ಲಾಮಾಂಡ್ ಅಂತಾರೆ. ದನದ ಮಾಂಸ, ರಾಶಿ ಈರುಳ್ಳಿ, ಕಂದು ಬಿಯರ್, ಇವನ್ನ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದ ಗಟ್ಟಿ ಸ್ಟ್ಯೂ. ಫ್ರಾನ್ಸ್‌ನ ಬರ್ಗಂಡಿಯಲ್ಲಿ ದ್ರಾಕ್ಷಿ ಬೆಳೆಯುತ್ತೆ, ಹಾಗಾಗಿ ಅಲ್ಲಿ ಸ್ಟ್ಯೂಗೆ ವೈನ್. ಫ್ಲಾಂಡರ್ಸ್ ಬಿಯರ್ ನಾಡು, ಹಾಗಾಗಿ ಇಲ್ಲಿ ಬಿಯರ್. 2016ರಲ್ಲಿ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮಗೇಕೆ ಇದೆಲ್ಲ ಅಂದ್ರೆ, ಎಲೆಕ್ಟ್ರಾನಿಕ್ಸ್‌ನವರು ಕನಸು ಕಾಣುವ ಐಮೆಕ್ ಸಂಶೋಧನಾ ಕೇಂದ್ರ ಇರೋದು ಅಲ್ಲಿನ ಲ್ಯೂವೆನ್ ಊರಿನಲ್ಲೇ. ನಾಳೆ ನಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋದರೆ ಮೆನುವಿನಲ್ಲಿ ಈ ಹೆಸರು ಕಣ್ಣಿಗೆ ಬೀಳದೆ ಇರಲ್ಲ.

ಮೊದಲು ಅಡುಗೆಗೆ ಸಲ್ಲಬೇಕಾದ ಗೌರವ ಸಲ್ಲಿಸೋಣ. ಇದಕ್ಕೆ ಬಳಸೋದು ದುಬಾರಿ, ಮೆತ್ತಗಿನ ಮಾಂಸ ಅಲ್ಲ. ಭುಜದ ಕಡೆಯ, ನಾರು ಜಾಸ್ತಿ ಇರುವ, ಅಗ್ಗದ ಮಾಂಸ. ಅದರಲ್ಲಿರುವ ಕೊಲಾಜೆನ್ ನಿಧಾನವಾಗಿ ಜೆಲಾಟಿನ್ ಆಗುತ್ತೆ. ಅದಕ್ಕೆ ಬೇಕಾಗಿರೋದು ದೊಡ್ಡ ಉರಿಯಲ್ಲ, ಸಮಯ. ತುಂಡುಗಳನ್ನ ಮೊದಲೇ ಬೆಣ್ಣೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೆಂಪಗೆ ಹುರಿಯಬೇಕು. ಒಂದೇ ಸಲ ಎಲ್ಲಾ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತೆ. ನೀರು ಇರೋವರೆಗೆ ಬಿಸಿ 100 ಡಿಗ್ರಿ ದಾಟಲ್ಲ, ಕೆಂಪಗಾಗೋಕೆ ಅದಕ್ಕಿಂತ ಜಾಸ್ತಿ ಬೇಕು. ಆಮೇಲೆ ಅದೇ ಪಾತ್ರೆಯಲ್ಲಿ ಈರುಳ್ಳಿ ಬಾಡಿಸಿ, ಮಾಂಸ ವಾಪಸ್ ಹಾಕಿ, ಬಿಯರ್ ಸುರಿದು, ಥೈಮ್ ಮತ್ತು ಬೇ ಎಲೆ ಹಾಕ್ತಾರೆ. ಕ್ಯಾರೆಟ್ ಹಾಕಿ ತರಕಾರಿ ಸ್ಟ್ಯೂ ಥರ ಮಾಡುವವರೂ ಇದ್ದಾರೆ. ಇದರ ನಿಜವಾದ ಟ್ರಿಕ್ ಒಂದು ಬ್ರೆಡ್ ತುಂಡು: ಅದಕ್ಕೆ ಸಾಸಿವೆ ಪೇಸ್ಟ್ ಸವರಿ ಮೇಲೆ ಇಡ್ತಾರೆ. ಅದು ಕರಗಿ ರಸವನ್ನ ಗಟ್ಟಿ ಮಾಡುತ್ತೆ. ಕೊನೆಗೆ ಚೂರು ವಿನೆಗರ್, ಚೂರು ಕಂದು ಸಕ್ಕರೆ. ಪಕ್ಕದಲ್ಲಿ ಆಲೂ ಫ್ರೈಸ್. ಇಷ್ಟೇ.

ಬಿಯರ್ ಇಲ್ಲಿ ಶೋಕಿಗೆ ಅಲ್ಲ. ಹುರಿದ ಮಾಲ್ಟ್‌ನ ಸಿಹಿ, ಹಾಪ್ಸ್‌ನ ಕಹಿ ಎರಡೂ ಅದರಿಂದಲೇ ಬರೋದು. ತುಂಬಾ ಹಾಪ್ಸ್ ಇರುವ ಬಿಯರ್ ಹಾಕಿದರೆ ರಸ ಇಂಗಿದ ಹಾಗೆ ಕಹಿ ಏರುತ್ತೆ. ಅದಕ್ಕೇ ಕಂದು ಬಿಯರ್.

ಈಗ ಆಲ್ಕೋಹಾಲ್ ವಿಷಯಕ್ಕೆ ಬರೋಣ. "ಎಥನಾಲ್ 78 ಡಿಗ್ರಿಗೆ ಕುದಿಯುತ್ತೆ, ನೀರು 100ಕ್ಕೆ, ಆದ್ದರಿಂದ ಎಥನಾಲ್ ಮೊದಲೇ ಪೂರ್ತಿ ಹೋಗುತ್ತೆ" ಅನ್ನೋ ಲಾಜಿಕ್ ಕೇಳೋಕೆ ಚೆನ್ನಾಗಿದೆ. ಆದರೆ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಡಿಸ್ಟಿಲೇಶನ್ ಓದಿದವರಿಗೆ ಗೊತ್ತು, ಮಿಶ್ರಣ ಹಾಗೆ ಸಾಲಾಗಿ ನಿಂತು ಹೊರಗೆ ಹೋಗಲ್ಲ. ಎರಡೂ ಒಟ್ಟಿಗೆ ಆವಿಯಾಗುತ್ತವೆ. ಆವಿಯಲ್ಲಿ ಎಥನಾಲ್ ಪಾಲು ಜಾಸ್ತಿ ಇರುತ್ತೆ ಅಷ್ಟೇ. ಪಾತ್ರೆಯಲ್ಲಿ ಅದು ಕಡಿಮೆ ಆದಷ್ಟೂ ಹೊರಗೆ ಹೋಗುವ ವೇಗವೂ ಕಡಿಮೆ ಆಗುತ್ತೆ. ಕೆಪಾಸಿಟರ್ ಡಿಸ್ಚಾರ್ಜ್ ಕರ್ವ್ ನೆನಪಿಸಿಕೊಳ್ಳಿ. ಸೊನ್ನೆ ಹತ್ತಿರ ಹೋಗುತ್ತೆ, ಸೊನ್ನೆ ಮುಟ್ಟಲ್ಲ.

ಇದು ಬರೀ ಥಿಯರಿ ಅಲ್ಲ. ಅಮೆರಿಕದಲ್ಲಿ ಅಡುಗೆಗಳನ್ನ ನಿಜವಾಗಿ ಮಾಡಿ ಅಳೆದಿದ್ದಾರೆ. 1992ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಲ್ಲಿನ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ, ಬೆರೆಸಿ ಬೇಯಿಸಿದಾಗ 15 ನಿಮಿಷಕ್ಕೆ ಶೇ. 40ರಷ್ಟು ಆಲ್ಕೋಹಾಲ್ ಉಳಿದಿರುತ್ತೆ. ಅರ್ಧ ಗಂಟೆಗೆ ಶೇ. 35, ಒಂದು ಗಂಟೆಗೆ ಶೇ. 25, ಎರಡು ಗಂಟೆಗೆ ಶೇ. 10, ಎರಡೂವರೆ ಗಂಟೆಗೆ ಶೇ. 5. ಕುದಿಯುವ ರಸಕ್ಕೆ ಹಾಕಿ ತಕ್ಷಣ ಒಲೆಯಿಂದ ಇಳಿಸಿದರೆ ಶೇ. 85 ಅಲ್ಲೇ ಇರುತ್ತೆ.

ಲೆಕ್ಕ ಮಾಡೋಣ. ಶೇ. 7ರ ಅರ್ಧ ಲೀಟರ್ ಬಿಯರ್‌ನಲ್ಲಿ 35 ಮಿ.ಲೀ. ಆಲ್ಕೋಹಾಲ್. ಎರಡೂವರೆ ಗಂಟೆ ಬೇಯಿಸಿದರೆ ಇಡೀ ಪಾತ್ರೆಯಲ್ಲಿ 2 ಮಿ.ಲೀ.ಗಿಂತ ಕಡಿಮೆ. ಐದು ಜನ ಹಂಚಿಕೊಂಡರೆ ಅದು ಏನೂ ಅಲ್ಲ ಅನ್ನಬಹುದು. ಅದೇ "30 ನಿಮಿಷದ ಕ್ವಿಕ್ ಸ್ಟ್ಯೂ" ಮಾಡಿದರೆ ಉಳಿಯೋದು 12 ಮಿ.ಲೀ. ಅಂದರೆ ಶೇ. 5ರ ಒಂದು ಸಣ್ಣ ಬಿಯರ್ ಬಾಟಲಿಯ ಮುಕ್ಕಾಲು ಭಾಗ ಇನ್ನೂ ಪಾತ್ರೆಯಲ್ಲೇ ಇದೆ. ಮುಚ್ಚಳ ಬಿಗಿಯಾದ ಕುಕ್ಕರ್‌ನಲ್ಲಿ ಆವಿ ಹೊರಗೆ ಹೋಗೋಕೆ ದಾರಿಯೇ ಕಮ್ಮಿ, ಅಲ್ಲಿಗೆ ಈ ಕೋಷ್ಟಕವನ್ನ ಹಾಗೇ ಅನ್ವಯಿಸೋಕೆ ಆಗಲ್ಲ.

"ಮಾಗಿದ ಬಾಳೆಹಣ್ಣಲ್ಲೂ, ಬ್ರೆಡ್ಡಲ್ಲೂ ಚೂರು ಆಲ್ಕೋಹಾಲ್ ಇರುತ್ತಪ್ಪ, ಅದನ್ನೂ ಬಿಡ್ತೀರಾ?" ಅಂತ ಕೇಳುವವರಿದ್ದಾರೆ. ಇರುತ್ತೆ, ನಿಜ. ಆದರೆ ಬಿಯರ್ ಬೇಡ ಅನ್ನುವವರೆಲ್ಲ ಮಿಲಿಲೀಟರ್ ಲೆಕ್ಕ ಹಾಕಿಯೇ ಬೇಡ ಅನ್ನಲ್ಲ. ಒಬ್ಬರಿಗೆ ಅದು ಧರ್ಮ, ಇನ್ನೊಬ್ಬರಿಗೆ ಅಮ್ಮನಿಗೆ ಕೊಟ್ಟ ಮಾತು, ಮತ್ತೊಬ್ಬರಿಗೆ ತಗೊಳ್ತಿರೋ ಮಾತ್ರೆ. ಕುಡಿತ ಬಿಟ್ಟು ಕಷ್ಟಪಟ್ಟು ದಿನ ಎಣಿಸ್ತಿರೋರಿಗೆ ಆ ರುಚಿ, ಆ ವಾಸನೆಯೇ ಸಮಸ್ಯೆ ಆಗಬಹುದು. ಇವರಿಗೆಲ್ಲ ಶೇಕಡಾವಾರು ಹೇಳಿ ಒಪ್ಪಿಸೋದು ನಮ್ಮ ಕೆಲಸ ಅಲ್ಲ. ಪಾತ್ರೆಯಲ್ಲಿ ಏನಿದೆ ಅಂತ ಹೇಳೋದು ಅಡುಗೆ ಮಾಡಿದವರ ಕೆಲಸ. ತಿನ್ನೋದೋ ಬಿಡೋದೋ ತಿನ್ನುವವರ ನಿರ್ಧಾರ.

ಈ ಸ್ಟ್ಯೂನಲ್ಲಿ ಒಂದಲ್ಲ, ಎರಡು ಪ್ರಶ್ನೆ ಇವೆ. ದನದ ಮಾಂಸ ತಿನ್ನದೆ ಬಿಯರ್ ಕುಡಿಯುವವರು, ಮಾಂಸ ತಿಂದು ಬಿಯರ್ ಮುಟ್ಟದವರು, ಎರಡೂ ಬೇಡ ಅನ್ನುವವರು, ಎರಡೂ ಸರಿ ಅನ್ನುವವರು. ಟ್ರೂತ್ ಟೇಬಲ್‌ನ ನಾಲ್ಕೂ ಸಾಲು ನಮ್ಮ ಕ್ಲಾಸಿನ ಒಂದೇ ಬೆಂಚಲ್ಲಿ ಸಿಗಬಹುದು. ವ್ಯತ್ಯಾಸ ಏನಂದ್ರೆ, ಮಾಂಸ ಕಣ್ಣಿಗೆ ಕಾಣುತ್ತೆ, ಬಿಯರ್ ಕಾಣಲ್ಲ. ಕಾಣದ್ದನ್ನ ಬಾಯಿಬಿಟ್ಟು ಹೇಳಲೇಬೇಕು.

ಹಾಗಂತ ಬಿಯರ್ ಇಲ್ಲದೆ ದಾರಿಯೇ ಇಲ್ಲ ಅಂತಲ್ಲ. 0.0 ಅಂತ ಬರೆದಿರುವ ಆಲ್ಕೋಹಾಲ್ ಇಲ್ಲದ ಡಾರ್ಕ್ ಬಿಯರ್ ಬಳಸಬಹುದು. ಅದೂ ಬೇಡ ಅಂದ್ರೆ ಸ್ಟಾಕ್, ಕಂದು ಬ್ರೆಡ್, ಸಾಸಿವೆ, ಸ್ವಲ್ಪ ವಿನೆಗರ್ ಹಾಕಿ ಮಾಡಬಹುದು. ಅದು ಫ್ಲಾಂಡರ್ಸ್‌ನ ರುಚಿ ಅಲ್ಲ ಅಂತ ಅಲ್ಲಿನವರು ಹೇಳಬಹುದು, ಹೇಳಲಿ. ಅಗ್ಗದ ಮಾಂಸ ಮೆತ್ತಗಾಗೋದು ಬಿಯರ್‌ನಿಂದ ಅಲ್ಲ, ಆ ಮೂರು ಗಂಟೆಯ ತಾಳ್ಮೆಯಿಂದ.

ಹಾಗಾಗಿ ಬೆಲ್ಜಿಯಂಗೆ ಹೋದರೂ, ಇಲ್ಲೇ ಯಾರ ಮನೆಗಾದರೂ ಊಟಕ್ಕೆ ಹೋದರೂ, "ಇದರಲ್ಲಿ ಏನೇನಿದೆ?" ಅಂತ ಸಂಕೋಚ ಇಲ್ಲದೆ ಕೇಳೋಣ. ನಾವೇ ಬಡಿಸುವಾಗ ಅವರು ಕೇಳೋಕೆ ಮುಂಚೆನೇ ಹೇಳೋಣ: "ಬಿಯರ್ ಹಾಕಿದ್ದೀವಿ, ಇಷ್ಟು ಹೊತ್ತು ಬೇಯಿಸಿದ್ದೀವಿ, ಸ್ವಲ್ಪ ಉಳಿದಿರುತ್ತೆ." ಹೇಳೋಕೆ ಹತ್ತು ಸೆಕೆಂಡ್ ಸಾಕು. ಬೇಡ ಅಂದವರಿಗೆ ಕೊಡೋಕೆ ಬೇರೆ ಏನಾದರೂ ರೆಡಿ ಇದ್ದರೆ ಇನ್ನೂ ಒಳ್ಳೇದು.