ದೋಣಿ ಏರುವ ಮುನ್ನ

ಸಹೋದರಿಯರೇ, ಹಿರಿಯೂರಿನ ವಾಣಿವಿಲಾಸ ಸಾಗರವನ್ನು ನೀವು ನೋಡಿರಬಹುದು. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟು 1933ರ ಬಳಿಕ 2022ರಲ್ಲಿ ಮತ್ತೆ ಕೋಡಿ ಬಿದ್ದಿತು. ತುಂಬಿದ ನೀರು ಕಂಡರೆ ಮಕ್ಕಳು ದೋಣಿ ಬೇಕೆನ್ನುತ್ತಾರೆ.

ದುಂಡಗಿನ ತೆಪ್ಪ ಹಗುರವಾದರೂ ನೀರನ್ನು ಸೀಳದೆ ತಳ್ಳುತ್ತದೆ, ಆದ್ದರಿಂದ ನಿಧಾನ. ಚೂಪು ಮೂತಿಯ ಮೋಟಾರು ದೋಣಿ ನೀರನ್ನು ಸೀಳಿ, ವೇಗ ಏರಿದಂತೆ ಮೇಲೆದ್ದು ಜಾರುತ್ತದೆ. ಭಾರ ಹೆಚ್ಚಿದರೆ ಅದು ಮೇಲೇಳಲಾರದು. ನಿಂತ ದೋಣಿಯಲ್ಲಿ ಪ್ರತಿ ಕಿಲೋ ಭಾರಕ್ಕೂ ಒಂದು ಲೀಟರ್ ನೀರು ಸರಿಯಬೇಕು. ಹತ್ತು ಮಂದಿ ಹೆಚ್ಚಾದರೆ ಸುಮಾರು 500 ಲೀಟರ್! ಅಷ್ಟು ದೋಣಿ ತಗ್ಗುತ್ತದೆ, ಅಂಚಿಗೆ ನೀರು ಹತ್ತಿರವಾಗುತ್ತದೆ.

“ಇನ್ನಿಬ್ಬರು ಕೂರಬಹುದು” ಎಂದು ಕರೆದರೆ ಹತ್ತಬೇಡಿ. ಮಕ್ಕಳಿಗೆ ಲೈಫ್ ಜಾಕೆಟ್ ತೊಡಿಸಿ. ಮುಂದಿನ ದೋಣಿಗೆ ಕಾಯುವುದರಲ್ಲಿ ನಷ್ಟವೇನೂ ಇಲ್ಲ.