ಸೋಡಾಬುಡ್ಡಿ ಎಂದು ನಗುವವರೇ, ಕೇಳಿ

1976ರಿಂದ ಈ ದೇಶದಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವಿದೆ. ಅದರಡಿ ಶಾಲಾ ಮಕ್ಕಳ ಕಣ್ಣು ತಪಾಸಣೆಯಾಗುತ್ತದೆ, ಬೇಕಾದವರಿಗೆ ಪುಕ್ಕಟೆ ಕನ್ನಡಕವೂ ಸಿಗುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಆ ಕನ್ನಡಕ ಸೇರುವುದು ಬೀರುವಿಗೆ. ಮಗು ಪಕ್ಕದವಳ ನೋಟ್‌ಬುಕ್ಕಿಗೆ ಬಗ್ಗಿ ಬರೆದುಕೊಳ್ಳುತ್ತಿರುತ್ತದೆ. ನಮ್ಮ ಬೀದಿಯಲ್ಲೇ ಇಂಥದೊಂದು ಮನೆಯಿದೆ. ಯಾಕೆ ಹೀಗೆ ಎಂದರೆ ಅಪ್ಪ ಅನ್ನುತ್ತಾನೆ, 'ಹೆಣ್ಣು ಹುಡುಗಿ ಸಾರ್, ಈಗಲೇ ಸೋಡಾಬುಡ್ಡಿ ಹಾಕಿದ್ರೆ ನಾಳೆ ಯಾರು ಒಪ್ತಾರೆ?' ಹುಡುಗಿಗೆ ಇನ್ನೂ 9 ವರ್ಷ!

ಇಂಥ ಮನೆ ನಿಮಗೂ ಗೊತ್ತು. ಕೆಲವರಿಗೆ ಅದು ಸ್ವಂತದ್ದೇ ಮನೆ. ಕನ್ನಡಕಕ್ಕೆ ದುಡ್ಡಿಲ್ಲವೆಂದರೆ ಮರುಗಬಹುದು. ಕೈಗೆ ಬಂದದ್ದನ್ನು ನಾಲ್ಕು ಜನರ ನಗೆಗೆ ಅಂಜಿ ಬಚ್ಚಿಡುವುದನ್ನು ನಾನಂತೂ ಕ್ಷಮಿಸಲಾರೆ.

ಇದನ್ನು ಮಕ್ಕಳಿಗೂ ಓದಿ ಹೇಳಿ. ಕಣ್ಣುಗುಡ್ಡೆ ತುಸು ಉದ್ದ ಬೆಳೆದರೆ ಬೆಳಕು ಹಿಂದಿನ ಪರದೆ ಮುಟ್ಟುವ ಮುಂಚೆಯೇ ಕೂಡಿಕೊಳ್ಳುತ್ತದೆ, ಬೋರ್ಡು ಮಸುಕಾಗುತ್ತದೆ. ಕನ್ನಡಕ ಆ ಬೆಳಕನ್ನು ಪರದೆಗೆ ಮುಟ್ಟಿಸುತ್ತದೆ, ಅಷ್ಟೇ. ಹಾಕಿದ್ದರಿಂದ ನಂಬರ್ ಏರುವುದಿಲ್ಲ, ಬಿಚ್ಚಿಟ್ಟರೆ ಇಳಿಯುವುದೂ ಇಲ್ಲ. ಮಗು ಬೆಳೆಯುವಾಗ ಗುಡ್ಡೆಯೂ ಉದ್ದವಾಗುತ್ತದೆ, ಅದಕ್ಕೇ ಏರುವುದು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೋಡಲು ಕಲಿಯಬೇಕಾದದ್ದು ಮೆದುಳು. ಒಂದು ಕಣ್ಣು ಮಸುಕಾಗಿದ್ದರೆ ಅದು ಆ ಕಣ್ಣಿನ ಕೈಬಿಟ್ಟು ಇನ್ನೊಂದನ್ನೇ ನೆಚ್ಚಿಕೊಳ್ಳುತ್ತದೆ. 7-8 ವರ್ಷದೊಳಗಾದರೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ, ಸೋಮಾರಿ ಕಣ್ಣನ್ನು ದುಡಿಸಿ ದಾರಿಗೆ ತರುವುದು ಸುಲಭ. ವಯಸ್ಸು ಮೀರಿದಷ್ಟೂ ಕಷ್ಟ. ಮದುವೆಯಾದ ಮೇಲೆ ಎಷ್ಟು ಬೆಲೆಯ ಕನ್ನಡಕ ಕೊಡಿಸಿದರೂ ಹೋದ ದೃಷ್ಟಿ ಪೂರ್ತಿ ಮರಳುವ ಭರವಸೆಯಿಲ್ಲ. ಮೆಳ್ಳೆಗಣ್ಣಿದ್ದರೂ ಮೆದುಳು ಹೀಗೇ ಒಂದು ಕಣ್ಣಿನ ಕೈಬಿಡಬಹುದು; ಅದನ್ನು ಅದೃಷ್ಟ ಎಂದು ಕೈಕಟ್ಟಿ ಕೂರುವ ಹಿರಿಯರಿಗೂ ಇದೇ ಮಾತು.

ಶಾಲೆಗೆ ಸೇರಿಸುವ ಮೊದಲೇ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ದಿನಕ್ಕೆ 2 ಗಂಟೆಯಾದರೂ ಬಯಲಲ್ಲಿ ಆಡಲು ಬಿಡಿ. ಮೇಷ್ಟ್ರೇ, ತರಗತಿಯಲ್ಲಿ 'ಸೋಡಾಬುಡ್ಡಿ' ಎಂದು ಕೂಗಿದವನನ್ನು ನಕ್ಕು ಬಿಟ್ಟುಬಿಡಬೇಡಿ. ಕೆಲವು ಸಲ ಹಾಗೆ ಕೂಗುವವರು ನೀವೇ!

ಹುಡುಗಿಯ ಕನ್ನಡಕ ನೋಡಿ ಬೇಡವೆನ್ನುವ ಗಂಡು ನಿಮ್ಮ ಮನೆಗೆ ಬೇಡವೇ ಬೇಡ. ಎಂದೋ ಬರಬಹುದಾದ ಸಂಬಂಧಕ್ಕಾಗಿ ಇಂದಿನ ಕಣ್ಣನ್ನು ಕಳೆಯುವ ಹಕ್ಕು ಯಾವ ಅಪ್ಪ ಅಮ್ಮನಿಗೂ ಇಲ್ಲ. ನಾಳೆ ಬೆಳಿಗ್ಗೆ ನೀವೇ ಅವಳಿಗೆ ಕನ್ನಡಕ ಹಾಕಿ ಶಾಲೆಗೆ ಕಳಿಸಿ.