ಎಣ್ಣೆಯ ಸಿರಿ, ಎಣಿಕೆಯ ಬಡತನ

ನೆಲದಡಿಯಲ್ಲಿ ಭಾಗ್ಯವಿದ್ದರೆ ನೆಲದ ಮೇಲಿನವರು ಸುಖಿಗಳೆಂಬುದು ಲೋಕದ ನಂಬಿಕೆ. ದಕ್ಷಿಣ ಅಮೆರಿಕದ ವೆನೆಜುವೇಲಾ ದೇಶದ ಚರಿತ್ರೆ ಈ ನಂಬಿಕೆಯನ್ನು ಸುಳ್ಳುಮಾಡಿದೆ. ಅದರ ಒಡಲಲ್ಲಿ ಸುಮಾರು 30,000 ಕೋಟಿ ಪೀಪಾಯಿ ಕಲ್ಲೆಣ್ಣೆ ಇದೆಯೆಂದು ಲೆಕ್ಕ. ಇಷ್ಟು ದೊಡ್ಡ ನಿಕ್ಷೇಪ ಬೇರಾವ ರಾಷ್ಟ್ರಕ್ಕೂ ಇಲ್ಲ. ಆದರೂ 2014ರಿಂದೀಚೆಗೆ ಆ ನಾಡಿನ 70 ಲಕ್ಷಕ್ಕೂ ಹೆಚ್ಚು ಜನ ಹುಟ್ಟಿದೂರನ್ನು ಬಿಟ್ಟು ಪರದೇಶಗಳಿಗೆ ಹೋದರು. ಇದಕ್ಕೆ ಕಾರಣವೇನು?

1922ರಲ್ಲಿ ಮರಕೈಬೋ ಸರೋವರದ ಬಳಿಯ ಬಾವಿಯೊಂದರಿಂದ ಎಣ್ಣೆ ಚಿಮ್ಮಿತು. ಅಲ್ಲಿಯವರೆಗೆ ಕಾಫಿ, ಕೋಕೋ ಬೆಳೆದು ಮಾರುತ್ತಿದ್ದ ದೇಶ ಕ್ರಮೇಣ ಬೇಸಾಯವನ್ನು ಕಡೆಗಣಿಸಿತು. ಎಣ್ಣೆಯ ಹಣ ಹರಿದುಬಂದಾಗ ದೇಶದ ನಾಣ್ಯದ ಬೆಲೆ ಏರುತ್ತದೆ. ಆಗ ಸ್ವಂತ ಹೊಲದ ಕಾಳಿಗಿಂತ ಹಡಗಿನಲ್ಲಿ ಬಂದ ಕಾಳೇ ಅಗ್ಗವಾಗುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ನಮ್ಮ ಹಿರಿಯರ ಮಾತು ರಾಷ್ಟ್ರಗಳಿಗೂ ಸಲ್ಲುತ್ತದೆ.

1998ರಲ್ಲಿ ಚುನಾಯಿತರಾದ ಹ್ಯೂಗೋ ಚಾವೆಜ್ ಎಣ್ಣೆಯ ಆದಾಯವನ್ನು ಬಡವರ ವಿದ್ಯೆಗೂ ವೈದ್ಯಕ್ಕೂ ಖರ್ಚುಮಾಡಿದರು. ಅದು ಮೆಚ್ಚತಕ್ಕದ್ದೇ. ಆದರೆ ಕಷ್ಟಕಾಲಕ್ಕೆಂದು ಕೂಡಿಟ್ಟದ್ದು ಕಡಿಮೆ. 2002-03ರ ಮುಷ್ಕರದ ತರುವಾಯ ಸರ್ಕಾರಿ ಎಣ್ಣೆ ಸಂಸ್ಥೆಯ ಸುಮಾರು 18,000 ನೌಕರರನ್ನು ತೆಗೆದುಹಾಕಿದ್ದರಿಂದ ಬಾವಿಗಳ ಮರ್ಮ ಬಲ್ಲವರು ಹೊರನಡೆದರು. 2014ರ ಮಧ್ಯದಲ್ಲಿ ಪೀಪಾಯಿಗೆ 100 ಡಾಲರಿಗೂ ಮೇಲಿದ್ದ ಬೆಲೆ 2016ರ ಆರಂಭದಲ್ಲಿ 30 ಡಾಲರಿಗೂ ಕೆಳಗಿಳಿಯಿತು. ಚಾವೆಜರ ಬಳಿಕ 2013ರಲ್ಲಿ ಅಧಿಕಾರಕ್ಕೆ ಬಂದಿದ್ದ ನಿಕೋಲಸ್ ಮಡುರೊ ಅವರ ಸರ್ಕಾರ ಕೊರತೆ ತುಂಬಲು ನೋಟು ಅಚ್ಚುಹಾಕಿತು. 2008, 2018, 2021ರಲ್ಲಿ ನಾಣ್ಯದಿಂದ ಅಳಿಸಿದ ಸೊನ್ನೆಗಳು ಒಟ್ಟು 14! 2020ರ ವೇಳೆಗೆ ದೇಶದ ಉತ್ಪನ್ನ 2013ರ ಸುಮಾರು ಕಾಲುಭಾಗಕ್ಕೆ ಇಳಿಯಿತು.

ಇದೆಲ್ಲ ಅಮೆರಿಕದ ನಿರ್ಬಂಧಗಳ ಫಲವೆಂದು ಕೆಲವರು ವಾದಿಸುತ್ತಾರೆ. 2019ರಲ್ಲಿ ಎಣ್ಣೆ ಸಂಸ್ಥೆಯ ಮೇಲೆ ಹೇರಿದ ನಿರ್ಬಂಧ ಗಾಯಕ್ಕೆ ಬರೆ ಎಳೆಯಿತೆಂಬುದು ನಿಜ. ಆದರೆ ಕುಸಿತ ಅದಕ್ಕೂ ಐದು ವರ್ಷ ಮೊದಲೇ ಆರಂಭವಾಗಿತ್ತು.

ನನ್ನ ಮಟ್ಟಿಗೆ ಮೂಲದೋಷ ಬೇರೆಯೇ ಇದೆ. ಕಂದಾಯ ತೆರುವ ಪ್ರಜೆ ಲೆಕ್ಕ ಕೇಳುತ್ತಾನೆ. ಎಣ್ಣೆಯ ಬಾವಿ ಕೇಳುವುದಿಲ್ಲ. ಬಾವಿಯ ಒಡೆತನ ಕುರ್ಚಿಗೆ ಅಂಟಿಕೊಂಡಿರುವಾಗ ಕುರ್ಚಿ ಬಿಡುವುದೆಂದರೆ ಸರ್ವಸ್ವವನ್ನೂ ಬಿಟ್ಟಂತೆ. 2015ರಲ್ಲಿ ವಿರೋಧ ಪಕ್ಷಗಳು ಶಾಸನಸಭೆಯನ್ನು ಗೆದ್ದವು; 2017ರಲ್ಲಿ ಸರ್ಕಾರ ಇನ್ನೊಂದು ಸಭೆಯನ್ನು ರಚಿಸಿ ಅದರ ಅಧಿಕಾರವನ್ನು ಕಸಿಯಿತು. 2024ರ ಜುಲೈ 28ರ ಅಧ್ಯಕ್ಷ ಚುನಾವಣೆಯಲ್ಲಿ ಶೇಕಡ 51ರಷ್ಟು ಮತ ಪಡೆದು ಮಡುರೊ ಗೆದ್ದರೆಂದು ಚುನಾವಣಾ ಮಂಡಳಿ ಸಾರಿತು. ಮತಗಟ್ಟೆವಾರು ಲೆಕ್ಕವನ್ನು ಮಾತ್ರ ಪ್ರಕಟಿಸಲಿಲ್ಲ. ವಿರೋಧ ಪಕ್ಷದ ಕಾರ್ಯಕರ್ತರು ಮತಯಂತ್ರಗಳಲ್ಲಿ ಅಚ್ಚಾದ ಲೆಕ್ಕಪತ್ರಗಳನ್ನು ಶೇಕಡ 80ಕ್ಕೂ ಹೆಚ್ಚು ಯಂತ್ರಗಳಿಂದ ಸಂಗ್ರಹಿಸಿ ಲೋಕದ ಮುಂದಿಟ್ಟರು. ಅವುಗಳ ಪ್ರಕಾರ ಎಡ್ಮುಂಡೊ ಗೊನ್ಸಾಲೆಸ್ ಅವರಿಗೆ ಶೇಕಡ 67ರಷ್ಟು ಮತ. ವೀಕ್ಷಣೆಗೆ ಹೋಗಿದ್ದ ಕಾರ್ಟರ್ ಸೆಂಟರ್ ಇದನ್ನು ಪ್ರಜಾಸತ್ತಾತ್ಮಕ ಚುನಾವಣೆಯೆನ್ನಲಾಗದೆಂದು ಹೇಳಿತು. ಆದರೂ 2025ರ ಜನವರಿ 10ರಂದು ಪ್ರಮಾಣವಚನ ಸ್ವೀಕರಿಸಿದವರು ಮಡುರೊ. ಗೊನ್ಸಾಲೆಸ್ ಅಷ್ಟರಲ್ಲಿ ಸ್ಪೇನಿಗೆ ಹೋಗಬೇಕಾಗಿ ಬಂದಿತ್ತು.

2026ರ ಜನವರಿ 3ರಂದು ಅಮೆರಿಕದ ಸೇನೆ ಮಡುರೊ ಅವರನ್ನು ಸೆರೆಹಿಡಿದು ನ್ಯೂಯಾರ್ಕಿಗೆ ಒಯ್ದಿತು. ಉಪಾಧ್ಯಕ್ಷೆಯಾಗಿದ್ದ ಡೆಲ್ಸಿ ರೊಡ್ರಿಗೆಸ್ ಹಂಗಾಮಿ ಅಧ್ಯಕ್ಷೆಯಾದರು. ಹೊರಗಿನ ಸೈನ್ಯ ಆಳುವವನನ್ನು ಹೊತ್ತೊಯ್ಯಬಲ್ಲದು. ಪ್ರಜೆಗಳು ಹಾಕಿದ ಮತವನ್ನು ಎಣಿಸಿಕೊಡಲಾರದು. ಆದ್ದರಿಂದ ಆ ಘಟನೆಯನ್ನು ಪ್ರಜಾಪ್ರಭುತ್ವದ ವಿಜಯವೆಂದು ಕರೆಯಲು ನಾನು ಒಪ್ಪೆನು.

ಹಾಗಾದರೆ ಎಣ್ಣೆಯೇ ಶಾಪವೇ? ಅಲ್ಲ. 1969ರಲ್ಲಿ ಸಮುದ್ರದಡಿ ಭಾರಿ ನಿಕ್ಷೇಪ ಕಂಡ ನಾರ್ವೆ ದೇಶ 1990ರಲ್ಲಿ ಕಾನೂನು ಮಾಡಿ ಎಣ್ಣೆಯ ಹಣವನ್ನು ಮುಂದಿನ ತಲೆಮಾರುಗಳಿಗಾಗಿ ನಿಧಿಯಾಗಿ ಕೂಡಿಟ್ಟಿತು. ಎಣ್ಣೆ ದೊರೆಯುವುದಕ್ಕೆ ಮುಂಚೆಯೇ ಅಲ್ಲಿಯ ಜನ ತೆರಿಗೆ ಕೊಟ್ಟು ಲೆಕ್ಕ ಕೇಳುವುದನ್ನು ಕಲಿತಿದ್ದರು. ಬೊಕ್ಕಸದ ಹಣವನ್ನೂ ಪೆಟ್ಟಿಗೆಯ ಮತವನ್ನೂ ಎಲ್ಲರೆದುರಿಗೆ ಎಣಿಸುವ ಪದ್ಧತಿಯೇ ರಾಷ್ಟ್ರದ ನಿಜವಾದ ನಿಧಿ. ಮತದಾನದ ವಯಸ್ಸಿಗೆ ಬಂದಿರುವ ನಾವು ಮತ ಹಾಕಿದೊಡನೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯಬಾರದು. ಅದು ಸರಿಯಾಗಿ ಎಣಿಕೆಯಾಯಿತೇ ಎಂದು ಕೇಳುವುದೂ ನಮ್ಮ ಕರ್ತವ್ಯವೇ.